ಲೋಳೆಸರದ ಆರೋಗ್ಯ ಮತ್ತು ಸೌಂದರ್ಯ ಬಳಕೆ: ಕಲಬುರಗಿ, ಬೀದರ್, ಯಾದಗಿರಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಲೋಳೆಸರ ಕಾಣದ ಓಣಿ ಅಪರೂಪ. ಮಾಳಿಗೆಯ ಮೇಲಿನ ಕುಂಡಗಳಲ್ಲಿ, ಬಚ್ಚಲ ನೀರು ಹರಿದುಹೋಗುವ ಮೂಲೆಗಳಲ್ಲಿ, ಅಂಗಡಿಯ ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ ಸ್ಥಿತಿಯಲ್ಲಿಯೂ ಅದು ಕಾಣಸಿಗುತ್ತದೆ. ಅದನ್ನು ಹೇಗೆ ಬಳಸಬೇಕೆಂಬ ಸಲಹೆಗಳಿಗೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಉಪಯುಕ್ತವಾದವು, ನಿರುಪದ್ರವಿಯಾದವು ಮತ್ತು ಅಪಾಯಕಾರಿಯಾದವು ಒಂದಕ್ಕೊಂದು ಬೆರೆತುಹೋಗಿವೆ. ಕೆಳಗಿನ ಉತ್ತರಗಳು ಅವುಗಳನ್ನು ಬೇರ್ಪಡಿಸಲು ಯತ್ನಿಸುತ್ತವೆ.

ಲೋಳೆಸರದ ಎಲೆಯೊಳಗೆ ನಿಜವಾಗಿ ಏನಿದೆ?

ಎಲೆಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಮೂರು ಭಾಗಗಳು ಸ್ಪಷ್ಟವಾಗಿ ಕಾಣುತ್ತವೆ. ಹೊರಗೆ ದಪ್ಪನೆಯ ಹಸಿರು ಸಿಪ್ಪೆ ಇದೆ. ಸಿಪ್ಪೆಯ ಒಳಅಂಚಿನಿಂದ ಕೊಯ್ದ ಕೂಡಲೇ ಹಳದಿ ಬಣ್ಣದ, ಘಾಟು ವಾಸನೆಯ, ನಾಲಗೆಗೆ ತಾಗಿದರೆ ಬಹಳ ಹೊತ್ತು ಕಹಿ ಉಳಿಸುವ ಸೊನೆ ಒಸರುತ್ತದೆ. ನಡುವಿನಲ್ಲಿ ಗಾಜಿನಷ್ಟು ತಿಳಿಯಾದ, ಬಣ್ಣವಿಲ್ಲದ ತಿರುಳು ಇದೆ.

ಈ ತಿರುಳಿನಲ್ಲಿ ಸುಮಾರು ಶೇ. 98ರಿಂದ 99ರಷ್ಟು ನೀರೇ ಇರುತ್ತದೆ. ಉಳಿದ ಅಲ್ಪ ಭಾಗದಲ್ಲಿ ಅಸಿಮನ್ನಾನ್ ಎಂಬ ಪಿಷ್ಟಸದೃಶ ವಸ್ತು ಮುಖ್ಯವಾದದ್ದು. ತಿರುಳಿಗೆ ಲೋಳೆತನ ಬರುವುದು ಮತ್ತು ಚರ್ಮದ ಮೇಲೆ ತೇವ ನಿಲ್ಲುವುದು ಅದರಿಂದಲೇ. ಜಾಹೀರಾತುಗಳು ಎಣಿಸಿ ಹೇಳುವ ಹತ್ತಾರು ಜೀವಸತ್ವ, ಖನಿಜಗಳು ಅದರಲ್ಲಿ ಇರುವುದು ಸುಳ್ಳಲ್ಲ, ಆದರೆ ಇಷ್ಟೊಂದು ನೀರಿನ ನಡುವೆ ಅವುಗಳ ಪ್ರಮಾಣ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಹಳದಿ ಸೊನೆಯ ಸ್ವಭಾವವೇ ಬೇರೆ. ಅದರಲ್ಲಿರುವ ಅಲೋಯಿನ್ ಮೊದಲಾದ ರಾಸಾಯನಿಕಗಳು ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತವೆ. ಲೋಳೆಸರದಿಂದ ಒಳಿತಾಯಿತು ಎನ್ನುವವರು ಸಾಮಾನ್ಯವಾಗಿ ತಿರುಳಿನ ಬಗ್ಗೆ ಹೇಳುತ್ತಾರೆ. ತೊಂದರೆಯಾಯಿತು ಎನ್ನುವವರ ಪ್ರಕರಣದಲ್ಲಿ ಬಹುಪಾಲು ಸೊನೆಯ ಕೈವಾಡವಿರುತ್ತದೆ.

ಹೊಲದ ಬದುವಿನ ಮೇಲೆ ಬೆಳೆಯುವ ಕತ್ತಾಳೆಯನ್ನು ಲೋಳೆಸರವೆಂದು ಬಳಸಬಹುದೇ?

ಖಂಡಿತ ಬಳಸಬಾರದು. ಕತ್ತಾಳೆಯ ರಸದಲ್ಲಿ ಸೂಜಿಯಾಕಾರದ ಆಕ್ಸಲೇಟ್ ಹರಳುಗಳಿರುವುದರಿಂದ ಅದು ತಾಗಿದ ಚರ್ಮ ಉರಿದು, ಕೆಂಪಾಗಿ, ಕೆಲವೊಮ್ಮೆ ಗುಳ್ಳೆಗಳೇಳುತ್ತವೆ. ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಕತ್ತಾಳೆಯ ಎಲೆ ಗಡುಸಾಗಿರುತ್ತದೆ, ತುದಿಯಲ್ಲಿ ದಬ್ಬಣದಂಥ ಮುಳ್ಳಿರುತ್ತದೆ, ಮುರಿದರೆ ಹಗ್ಗ ಹೊಸೆಯುವ ನಾರು ಹೊರಬರುತ್ತದೆ. ಅದು ಒಮ್ಮೆ ಎತ್ತರದ ಹೂಗೊಂಚಲು ಬಿಟ್ಟ ಮೇಲೆ ಒಣಗಿ ಸಾಯುತ್ತದೆ. ಲೋಳೆಸರದ ಎಲೆ ಬೆರಳಿನಿಂದ ಒತ್ತಿದರೆ ತುಸು ಬಾಗುತ್ತದೆ, ಅಂಚಿನ ಮುಳ್ಳುಗಳು ಮೃದುವಾಗಿರುತ್ತವೆ, ಒಳಗೆ ನಾರಿರುವುದಿಲ್ಲ, ಮತ್ತು ಅದು ವರ್ಷ ವರ್ಷವೂ ಹೂ ಬಿಡಬಲ್ಲದು. ಎಳೆಯ ಲೋಳೆಸರದ ಎಲೆಯ ಮೇಲೆ ಬಿಳಿ ಚುಕ್ಕೆಗಳಿರುವುದನ್ನು ಕಂಡು ಅನುಮಾನಪಡಬೇಕಾಗಿಲ್ಲ. ಅಲಂಕಾರಕ್ಕೆಂದು ನರ್ಸರಿಗಳಲ್ಲಿ ಮಾರುವ ಅದೇ ಚಹರೆಯ ಚಿಕ್ಕ ಗಿಡಗಳನ್ನು ಮಾತ್ರ ಔಷಧಕ್ಕೆ ಬಳಸದಿರುವುದು ಕ್ಷೇಮ.

ತಿರುಳನ್ನು ಬಿಡಿಸುವ ಸರಿಯಾದ ಕ್ರಮ ಯಾವುದು?

ಮೂರು ವರ್ಷ ಅಥವಾ ಅದಕ್ಕಿಂತ ಹಳೆಯ ಗಿಡದ, ನೆಲಕ್ಕೆ ಹತ್ತಿರವಿರುವ ಹೊರಸುತ್ತಿನ ದಪ್ಪ ಎಲೆಯನ್ನು ಬುಡಕ್ಕೆ ಸೇರಿಸಿ ಕೊಯ್ಯಬೇಕು. ಕೊಯ್ದ ಬಾಯಿ ಕೆಳಗಾಗುವಂತೆ ಎಲೆಯನ್ನು ಒಂದು ಲೋಟದಲ್ಲಿ ಓರೆಯಾಗಿ ಹದಿನೈದು ನಿಮಿಷ ನಿಲ್ಲಿಸಿದರೆ ಲೋಟದ ತಳದಲ್ಲಿ ಅರಿಶಿನದ ನೀರಿನ ಬಣ್ಣದ ಸೊನೆ ಶೇಖರವಾಗುತ್ತದೆ. ಅದನ್ನು ಚೆಲ್ಲಿ, ಎಲೆಯನ್ನು ತೊಳೆದು, ಎರಡೂ ಅಂಚಿನ ಮುಳ್ಳುಗಳನ್ನು ಉದ್ದಕ್ಕೆ ಸೀಳಿ ತೆಗೆಯಬೇಕು. ಬಳಿಕ ಮೇಲಿನ ಸಿಪ್ಪೆಯನ್ನು ತುಸು ದಪ್ಪವಾಗಿಯೇ ಹೆರೆಯಬೇಕು. ತಿರುಳು ಹೆಚ್ಚು ಸಿಗಲೆಂದು ಸಿಪ್ಪೆಯ ಒಳಮೈಯನ್ನು ಚಮಚದಿಂದ ಕೆರೆದರೆ ಸೊನೆಯೂ ಜೊತೆಗೆ ಬರುತ್ತದೆ. ಹೊರಬಂದ ತಿರುಳಿನ ಗಟ್ಟಿಯನ್ನು ಹರಿಯುವ ನೀರಿನಲ್ಲಿ ಎರಡು ಮೂರು ಬಾರಿ ತೊಳೆದು, ಹಳದಿ ಛಾಯೆ ಪೂರ್ತಿ ಹೋದ ಮೇಲೆ ಉಪಯೋಗಿಸಬೇಕು. ಇಡೀ ಎಲೆಯನ್ನು ಸಿಪ್ಪೆ ಸಮೇತ ಮಿಕ್ಸರಿಗೆ ಹಾಕುವ ಪದ್ಧತಿ ಈಚೆಗೆ ಹೆಚ್ಚಾಗಿದೆ. ಅದು ತಪ್ಪು ಪದ್ಧತಿ.

ದೃಷ್ಟಿಗೆಂದು ಬಾಗಿಲಿಗೆ ಕಟ್ಟಿದ ಗಿಡದ ಎಲೆಯನ್ನು ಮುಖಕ್ಕೆ ಹಚ್ಚಬಹುದೇ?

ಮಣ್ಣು ನೀರು ಎರಡೂ ಇಲ್ಲದೆ ಆ ಗಿಡ ತಿಂಗಳುಗಟ್ಟಲೆ ಬದುಕುವುದನ್ನು ಕಂಡು ಅದರಲ್ಲಿ ವಿಶೇಷ ಶಕ್ತಿಯಿದೆಯೆಂದು ಭಾವಿಸುವವರಿದ್ದಾರೆ. ಲೋಳೆಸರದ ಎಲೆಯ ರಂಧ್ರಗಳು ಹಗಲಿನಲ್ಲಿ ಮುಚ್ಚಿಕೊಂಡು ರಾತ್ರಿ ತಂಪಿನಲ್ಲಿ ತೆರೆಯುತ್ತವೆ. ಹೀಗಾಗಿ ಎಲೆಯೊಳಗೆ ಕೂಡಿಟ್ಟ ನೀರು ಬೇಗ ಆರುವುದಿಲ್ಲ. ಆದರೂ ಗಿಡ ತನ್ನ ದಾಸ್ತಾನನ್ನೇ ಕರಗಿಸಿಕೊಂಡು ಬದುಕುತ್ತಿರುವುದರಿಂದ ಅದರ ಎಲೆ ತೆಳ್ಳಗಾಗಿ, ತಿರುಳು ಕುಗ್ಗಿರುತ್ತದೆ. ರಸ್ತೆಯ ಧೂಳು, ವಾಹನದ ಹೊಗೆ, ಅದರ ಮೇಲೆ ಹಚ್ಚಿದ ಕುಂಕುಮ ಇವೆಲ್ಲವೂ ಸೇರಿದ ಮೇಲೆ ಅದನ್ನು ಮುಖಕ್ಕೆ ಹಚ್ಚುವುದರಲ್ಲಿ ಅರ್ಥವಿಲ್ಲ. ಅದು ಬಾಗಿಲಿಗೇ ಇರಲಿ.

ರೊಟ್ಟಿ ಮಾಡುವಾಗ ಕೈ ಸುಟ್ಟುಕೊಂಡರೆ ಲೋಳೆಸರ ಹಚ್ಚಬಹುದೇ?

ಹಚ್ಚಬಹುದು, ಆದರೆ ಅದು ಎರಡನೆಯ ಹೆಜ್ಜೆ. ಜೋಳದ ರೊಟ್ಟಿಗೆ ನೀರು ಸವರುವಾಗ ಹಂಚಿನಿಂದ ಏಳುವ ಹಬೆ ಬೆರಳ ತುದಿಗಳನ್ನೂ ಮುಂಗೈಯನ್ನೂ ಸುಡುವುದು ನಮ್ಮ ಅಡುಗೆಮನೆಗಳಲ್ಲಿ ನಿತ್ಯದ ಸಂಗತಿ. ಸುಟ್ಟ ಕೂಡಲೇ ಆ ಭಾಗವನ್ನು ಇಪ್ಪತ್ತು ನಿಮಿಷ ತಣ್ಣೀರಿನ ಕೆಳಗೆ ಹಿಡಿಯಬೇಕು. ಬಳೆ, ಉಂಗುರಗಳನ್ನು ಬಾವು ಬರುವ ಮುನ್ನವೇ ತೆಗೆಯಬೇಕು. ಇಲ್ಲೊಂದು ಸ್ಥಳೀಯ ತೊಡಕಿದೆ. ಏಪ್ರಿಲ್, ಮೇ ತಿಂಗಳಿನಲ್ಲಿ ತಾಪಮಾನ 40 ಡಿಗ್ರಿ ದಾಟಿದಾಗ ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನಿಂದ ಬರುವ ನಳದ ನೀರೇ ಬಿಸಿಯಾಗಿರುತ್ತದೆ. ಅಂತಹ ಸಮಯದಲ್ಲಿ ಹರವಿಯ ನೀರನ್ನು ಚೊಂಬಿನಿಂದ ನಿಧಾನವಾಗಿ ಸುರಿಯುವುದು ಮೇಲು. ಮಂಜುಗಡ್ಡೆಯನ್ನು ನೇರವಾಗಿ ಇಡಬಾರದು. ಟೂತ್‌ಪೇಸ್ಟ್, ಶಾಯಿ, ಅರಿಶಿನ, ತುಪ್ಪ ಯಾವುದನ್ನೂ ಹಚ್ಚಬಾರದು.

ಚರ್ಮ ಕೇವಲ ಕೆಂಪಾಗಿ ಉರಿಯುತ್ತಿದ್ದರೆ, ತಣ್ಣಗಾದ ಬಳಿಕ ತೊಳೆದ ತಿರುಳನ್ನು ತೆಳ್ಳಗೆ ಸವರಬಹುದು. ಮೇಲ್ಪದರದ ಸುಟ್ಟಗಾಯಗಳು ಲೋಳೆಸರದಿಂದ ಕೆಲವು ದಿನ ಬೇಗ ಮಾಯುತ್ತವೆಂದು ತೋರಿಸಿದ ಸಣ್ಣ ಅಧ್ಯಯನಗಳಿವೆ. ಅವುಗಳ ಗುಣಮಟ್ಟ ಸಮನಾಗಿಲ್ಲದಿದ್ದರೂ, ಲೋಳೆಸರದ ಬಳಕೆಗಳಲ್ಲಿ ನನಗೆ ಹೆಚ್ಚು ನಂಬಿಕೆಯಿರುವುದು ಇದರ ಮೇಲೆಯೇ. ಗುಳ್ಳೆ ಒಡೆದಿದ್ದರೆ, ಚರ್ಮ ಬಿಳಿಚಿಕೊಂಡು ನೋವೇ ಇಲ್ಲದಂತಾಗಿದ್ದರೆ, ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮುಖ ಅಥವಾ ಕೀಲಿನ ಮೇಲಿದ್ದರೆ, ವಿದ್ಯುತ್ತಿನಿಂದ ಸುಟ್ಟಿದ್ದರೆ, ಸುಟ್ಟದ್ದು ಚಿಕ್ಕ ಮಗುವಿಗಾಗಿದ್ದರೆ ಮನೆಮದ್ದಿನ ಮಾತು ಬಿಟ್ಟು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು.

ಹೊಲಿಗೆ ಹಾಕಿದ ಗಾಯಕ್ಕೆ, ಆಪರೇಷನ್ ಗಾಯಕ್ಕೆ ಹಚ್ಚಿದರೆ ಬೇಗ ಒಣಗುತ್ತದೆಯೇ?

ಇಲ್ಲ; ತದ್ವಿರುದ್ಧವೂ ಆಗಬಹುದು. ಹೊಟ್ಟೆಯ ಶಸ್ತ್ರಚಿಕಿತ್ಸೆ ಮತ್ತು ಸಿಸೇರಿಯನ್ ನಂತರ ಬಿಚ್ಚಿಕೊಂಡ ಗಾಯಗಳ ಕುರಿತು 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಾಮಾನ್ಯ ಚಿಕಿತ್ಸೆ ಪಡೆದವರ ಗಾಯ ಸರಾಸರಿ 53 ದಿನಗಳಲ್ಲಿ ಮಾಯ್ದರೆ ಲೋಳೆಸರದ ಜೆಲ್ ಬಳಸಿದವರಿಗೆ 83 ದಿನ ಹಿಡಿಯಿತು. ಆಳವಾದ, ಕೀವಾದ ಅಥವಾ ಸಕ್ಕರೆ ಕಾಯಿಲೆಯವರ ಕಾಲಿನ ಗಾಯಗಳಿಗೆ ಅದನ್ನು ಮುಟ್ಟಿಸಬಾರದು.

ಬಿಸಿಲಿಗೆ ಕಪ್ಪಾದ ಮುಖ ಲೋಳೆಸರದಿಂದ ಬೆಳ್ಳಗಾಗುತ್ತದೆಯೇ?

ಬೆಳ್ಳಗಾಗುವುದಿಲ್ಲ. ಲೋಳೆಸರದಲ್ಲಿರುವ ಅಲೋಸಿನ್ ಎಂಬ ವಸ್ತು ಚರ್ಮದ ಕಪ್ಪು ವರ್ಣಕ ತಯಾರಾಗುವುದನ್ನು ತಡೆಯಬಲ್ಲದೆಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಆದರೆ ಗಾಜಿನ ಕೊಳವೆಯಲ್ಲಿ ಕಂಡದ್ದಕ್ಕೂ ಮನೆಯಲ್ಲಿ ಎಲೆ ಸೀಳಿ ಮುಖಕ್ಕೆ ಉಜ್ಜುವುದಕ್ಕೂ ಬಹಳ ಅಂತರವಿದೆ. ತಿರುಳು ಹಚ್ಚಿದ ತಕ್ಷಣ ಮುಖ ಹೊಳೆಯುವುದು ಒಣ ಚರ್ಮ ನೀರು ಹೀರಿಕೊಂಡು ನುಣುಪಾದುದರಿಂದ. ಕೆಲವು ಗಂಟೆಗಳಲ್ಲಿ ಅದು ಇಳಿಯುತ್ತದೆ. ಬಣ್ಣವನ್ನು ಬದಲಿಸಲೇಬೇಕೆಂಬ ಹಟವೇ ಅನಗತ್ಯವೆಂಬುದು ಬೇರೆ ಮಾತು.

ಲೋಳೆಸರ ಸೂರ್ಯನ ಕಿರಣಗಳನ್ನು ತಡೆಯುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಅದನ್ನು ಹಚ್ಚಿಕೊಂಡು ತೊಗರಿ ಹೊಲಕ್ಕೋ ಹತ್ತಿ ಬಿಡಿಸಲಿಕ್ಕೋ ಹೋದರೆ ರಕ್ಷಣೆ ಸಿಕ್ಕಂತಾಗುವುದಿಲ್ಲ. ತಲೆಗೆ ಸುತ್ತಿದ ರುಮಾಲು, ಮುಖ ಮುಚ್ಚುವ ಸೆರಗು, ತುಂಬು ತೋಳಿನ ಅಂಗಿ ಮತ್ತು ಸನ್‌ಸ್ಕ್ರೀನ್ ಬಿಸಿಲಿಗೆ ಹೋಗುವ ಮುಂಚೆ; ಲೋಳೆಸರ ಸಂಜೆ ಮನೆಗೆ ಬಂದು ಮುಖ ತೊಳೆದ ಮೇಲೆ, ಉರಿ ಶಮನಕ್ಕಾಗಿ ಮಾತ್ರ.

ಮೊಡವೆಗೆ ಉಪಯೋಗವಾಗುತ್ತದೆಯೇ?

ಸ್ವಲ್ಪ ಮಟ್ಟಿಗೆ ಆಗುತ್ತದೆ, ಮುಖ್ಯವಾಗಿ ಸಹಾಯಕ ಸ್ಥಾನದಲ್ಲಿ. ಮೊಡವೆಗೆ ವೈದ್ಯರು ಬರೆದುಕೊಡುವ ಟ್ರೆಟಿನಾಯಿನ್ ಜೊತೆ ಲೋಳೆಸರದ ಜೆಲ್ ಸೇರಿಸಿ ಹಚ್ಚಿದವರಿಗೆ, ಬರೀ ಟ್ರೆಟಿನಾಯಿನ್ ಹಚ್ಚಿದವರಿಗಿಂತ ಉತ್ತಮ ಫಲ ದೊರೆಯಿತೆಂದು 2014ರಲ್ಲಿ ಪ್ರಕಟವಾದ ಇರಾನಿನ ಅಧ್ಯಯನವೊಂದು ಹೇಳುತ್ತದೆ. ಔಷಧದಿಂದಾಗುವ ಕೆಂಪು, ಉರಿ ಕೂಡ ಕಡಿಮೆಯಿದ್ದವು. ತಿರುಳಿಗೆ ನಿಂಬೆರಸ, ಅಡುಗೆ ಸೋಡಾ, ಸಕ್ಕರೆ ಬೆರೆಸಿ ಉಜ್ಜುವ ಸಲಹೆಗಳನ್ನು ಮಾತ್ರ ಪಾಲಿಸಬೇಡಿ. ನಿಂಬೆರಸ ಹಚ್ಚಿದ ಚರ್ಮ ನಮ್ಮ ಬಿಸಿಲಿಗೆ ಬಿದ್ದರೆ ಸುಟ್ಟ ಕಲೆಗಳಾಗಿ ತಿಂಗಳುಗಟ್ಟಲೆ ಉಳಿಯುತ್ತದೆ.

ಚಳಿಗಾಲದಲ್ಲಿ ಒಡೆಯುವ ಹಿಮ್ಮಡಿ, ತುಟಿಗಳಿಗೆ ಹೇಗೆ ಬಳಸಬೇಕು?

ಡಿಸೆಂಬರ್, ಜನವರಿಯಲ್ಲಿ, ಅದರಲ್ಲೂ ಎತ್ತರದಲ್ಲಿರುವ ಬೀದರಿನ ಕಡೆ, ಒಣಗಾಳಿಗೆ ಚರ್ಮ ಬಿರಿಯುತ್ತದೆ. ಲೋಳೆಸರವನ್ನು ಮಾತ್ರ ಹಚ್ಚಿ ಬಿಟ್ಟರೆ ಅದರ ನೀರು ಗಾಳಿಗೆ ಆರಿ ಚರ್ಮ ಮೊದಲಿಗಿಂತ ಬಿಗಿಯಾಗಬಹುದು. ಆದುದರಿಂದ ರಾತ್ರಿ ಬೆಚ್ಚನೆಯ ನೀರಿನಲ್ಲಿ ಕಾಲು ನೆನೆಸಿ, ಒರೆಸಿ, ತಿರುಳು ಸವರಿ, ಅದು ಇನ್ನೂ ಹಸಿಯಿರುವಾಗಲೇ ಮೇಲೆ ಕುಸುಬಿ ಎಣ್ಣೆ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿ ಕಾಲುಚೀಲ ಹಾಕಿಕೊಂಡು ಮಲಗಬೇಕು. ತೇವವನ್ನು ಕೊಡುವುದು ಲೋಳೆಸರ, ಹಿಡಿದಿಡುವುದು ಎಣ್ಣೆ. ರಕ್ತ ಜಿನುಗುವಷ್ಟು ಆಳವಾದ ಬಿರುಕಿದ್ದರೆ ಮೊದಲು ವೈದ್ಯರಿಗೆ ತೋರಿಸಬೇಕು.

ಕೂದಲು ಉದುರುವುದು ನಿಲ್ಲುತ್ತದೆಯೇ? ಹೊಟ್ಟು ಹೋಗುತ್ತದೆಯೇ?

ಹೊಟ್ಟಿನ ವಿಷಯದಲ್ಲಿ ಒಂದಿಷ್ಟು ಆಧಾರವಿದೆ. ನೆತ್ತಿಯ ಹೊಟ್ಟು ಮತ್ತು ತುರಿಕೆಯ ರೋಗಿಗಳ ಮೇಲೆ ಶೇ. 30ರಷ್ಟು ಲೋಳೆಸರವಿದ್ದ ಲೇಪವನ್ನು ಪರೀಕ್ಷಿಸಿದ 1999ರ ಅಧ್ಯಯನದಲ್ಲಿ ತುರಿಕೆ ಮತ್ತು ಹೊಟ್ಟು ಕಡಿಮೆಯಾದವು. ಕೂದಲು ಉದುರುವುದನ್ನು ನಿಲ್ಲಿಸುತ್ತದೆ ಅಥವಾ ಬೋಳಾದಲ್ಲಿ ಹೊಸ ಕೂದಲು ಹುಟ್ಟಿಸುತ್ತದೆ ಎನ್ನುವುದಕ್ಕೆ ಅಂಥ ಆಧಾರವಿಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಹೆರಿಗೆ, ದೊಡ್ಡ ಜ್ವರ ಇವುಗಳ ನಂತರ ಉದುರುವ ಕೂದಲಿಗೆ ಮದ್ದು ಬೇಕಾದದ್ದು ಒಳಗೆ. ಗಡಸು ಬೋರ್‌ವೆಲ್ ನೀರಿನಲ್ಲಿ ತೊಳೆದು ಕೂದಲು ಒರಟಾಗಿದ್ದರೆ, ಸ್ನಾನಕ್ಕೆ ಅರ್ಧ ಗಂಟೆ ಮೊದಲು ತಿರುಳು ಹಚ್ಚುವುದರಿಂದ ಸಿಕ್ಕು ಬಿಡಿಸುವುದು ಸುಲಭವಾಗುತ್ತದೆ. ತಿರುಳನ್ನು ಬಟ್ಟೆಯಲ್ಲಿ ಸೋಸದೆ ಹಚ್ಚಿದರೆ ಅದರ ಚೂರುಗಳು ಒಣಗಿ, ಹೊಟ್ಟಿಗಿಂತ ಹೆಚ್ಚು ಹೊಟ್ಟಿನಂತೆ ಕಾಣುತ್ತವೆ.

ಗಜಕರ್ಣ, ಸೋರಿಯಾಸಿಸ್, ತೊನ್ನು ಇವುಗಳಿಗೆ?

ಗಜಕರ್ಣ ಶಿಲೀಂಧ್ರದಿಂದ ಬರುವ ರೋಗ. ಅದಕ್ಕೆ ಶಿಲೀಂಧ್ರನಾಶಕ ಔಷಧವೇ ಬೇಕು. ಲೋಳೆಸರ ತುರಿಕೆಯನ್ನು ತುಸು ತಣಿಸುವುದರಿಂದ ರೋಗ ವಾಸಿಯಾಗುತ್ತಿದೆಯೆಂಬ ಭ್ರಮೆ ಹುಟ್ಟುತ್ತದೆ, ಅಷ್ಟರಲ್ಲಿ ಅದು ಮನೆಮಂದಿಗೆಲ್ಲ ಹರಡಿರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೆರಾಯ್ಡ್ ಬೆರೆತ ಮುಲಾಮುಗಳು ಇದಕ್ಕಿಂತಲೂ ಕೆಟ್ಟ ಆಯ್ಕೆ. ಸೋರಿಯಾಸಿಸ್ ಕುರಿತ ಅಧ್ಯಯನಗಳು ಪರಸ್ಪರ ವಿರುದ್ಧವಾಗಿವೆ: 1996ರ ಒಂದು ಅಧ್ಯಯನ ಬಹಳ ಒಳ್ಳೆಯ ಫಲ ಕಂಡಿತು, 2005ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಔಷಧವಿಲ್ಲದ ಹುಸಿ ಜೆಲ್ಲೇ ಮೇಲುಗೈ ಪಡೆಯಿತು. ತೊನ್ನಿಗೆ ಲೋಳೆಸರವನ್ನೇ ನಂಬಿ ಕೂರುವಂತಿಲ್ಲ. ಇಂಥ ತೊಂದರೆಗಳಿಗೆ ಕಲಬುರಗಿಯ ಗಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಯಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ತೋರಿಸುವುದು ಉತ್ತಮ.

ಹಚ್ಚಿದ ಕೂಡಲೇ ತುರಿಸುತ್ತದೆ. ಇದು ಕೆಲಸ ಮಾಡುತ್ತಿರುವುದರ ಲಕ್ಷಣವೇ?

ಅಲ್ಲ. ಸೊನೆ ಸರಿಯಾಗಿ ಹೋಗಿಲ್ಲ, ಇಲ್ಲವೇ ನಿಮಗೆ ಅಲರ್ಜಿಯಿದೆ. ಬೆಳ್ಳುಳ್ಳಿ, ಈರುಳ್ಳಿ ಮುಟ್ಟಿದರೆ ಚರ್ಮ ಕೆರಳುವವರು ಹೆಚ್ಚು ಎಚ್ಚರ ವಹಿಸಬೇಕು. ಮೊದಲ ಸಲ ಬಳಸುವವರು ಮೊಣಕೈಯ ಒಳಮಡಿಕೆಯಲ್ಲಿ ಕಾಸಿನಗಲ ಹಚ್ಚಿ ಒಂದು ದಿನ ಕಾಯಬೇಕು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಳೆಸರದ ರಸ ಕುಡಿಯುವುದು ಒಳ್ಳೆಯದೇ?

ಹೊರಗೆ ಹಚ್ಚುವುದಕ್ಕೂ ಒಳಗೆ ಸೇವಿಸುವುದಕ್ಕೂ ಒಂದೇ ಅಳತೆಗೋಲು ಸಲ್ಲದು. ವಾಯುವಿಹಾರದ ಜಾಗಗಳಲ್ಲಿ ಹಾಗಲ, ಬೂದುಗುಂಬಳದ ರಸಗಳ ಜೊತೆಗೆ ಮಾರುವ ಹಸಿರು ಬಣ್ಣದ ಲೋಳೆಸರದ ರಸವನ್ನು ಆರೋಗ್ಯದ ಹೆಸರಿನಲ್ಲಿ ನಿತ್ಯ ಕುಡಿಯುವವರಿದ್ದಾರೆ. ತಿರುಳಿಗೆ ಬಣ್ಣವಿಲ್ಲದಿರುವಾಗ ರಸ ಹಸಿರಾಗಿದ್ದರೆ ಅದರಲ್ಲಿ ಸಿಪ್ಪೆ ಸೇರಿದೆ, ಸಿಪ್ಪೆ ಸೇರಿದಲ್ಲಿ ಸೊನೆಯೂ ಸೇರಿದೆ ಎಂದೇ ತಿಳಿಯಬೇಕು. ಅಥವಾ ಬಣ್ಣ ಹಾಕಿರಬೇಕು.

ಸೊನೆಯಿರುವ ವಿರೇಚಕಗಳ ಸುರಕ್ಷತೆಯ ಬಗ್ಗೆ ಕಂಪನಿಗಳು ಸಾಕಷ್ಟು ಮಾಹಿತಿ ಒದಗಿಸಲಿಲ್ಲವೆಂಬ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2002ರಲ್ಲಿ ಅವುಗಳನ್ನು ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿತು. ಸೊನೆ ತೆಗೆಯದ ಇಡೀ ಎಲೆಯ ಸಾರವನ್ನು ಎರಡು ವರ್ಷ ನೀರಿನಲ್ಲಿ ಬೆರೆಸಿ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಕಂಡುಬಂದವು. ಬಳಿಕ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಆ ಸಾರವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿಗೆ ಸೇರಿಸಿತು. ಇದು ಸೊನೆ ತೆಗೆದ ಶುದ್ಧ ತಿರುಳಿನ ಕುರಿತ ತೀರ್ಮಾನವಲ್ಲ, ಒಂದು ಲೋಟ ಕುಡಿದರೆ ಕ್ಯಾನ್ಸರ್ ಬರುತ್ತದೆಂಬ ಅರ್ಥವೂ ಇಲ್ಲ. ಆದರೆ ಬೀದಿಯ ಗಾಡಿಯಲ್ಲಿ ಸೊನೆ ಎಷ್ಟು ಹೋಗಿದೆ ಎಂದು ಅಳೆಯುವವರಾರು? ತಿಂಗಳುಗಟ್ಟಲೆ ಲೋಳೆಸರ ಸೇವಿಸಿದವರಲ್ಲಿ ಯಕೃತ್ತಿಗೆ ಬಾವು ಬಂದು, ನಿಲ್ಲಿಸಿದ ಮೇಲೆ ಗುಣವಾದ ಪ್ರಕರಣಗಳೂ ವರದಿಯಾಗಿವೆ. ನನ್ನ ಅಭಿಪ್ರಾಯದಲ್ಲಿ ಆರೋಗ್ಯವಂತರಿಗೆ ಇದರ ನಿತ್ಯಸೇವನೆಯಿಂದ ಸಿಗುವ ಲಾಭ, ಹೊರಬೇಕಾದ ಅಪಾಯಕ್ಕೆ ಸಾಟಿಯಾಗುವುದಿಲ್ಲ.

ಮಲಬದ್ಧತೆಗೆ ಕರಿಬೋಳ ತೆಗೆದುಕೊಳ್ಳಬಹುದೇ?

ಗ್ರಂಥಿಗೆ ಅಂಗಡಿಗಳಲ್ಲಿ ಕರಿಬೋಳ, ಮುಸಬ್ಬರ್ ಎಂದು ಸಿಗುವ ಕಪ್ಪು ಗಟ್ಟಿ ಈ ಹಳದಿ ಸೊನೆಯನ್ನೇ ಒಣಗಿಸಿದ್ದು. ಅದು ಭೇದಿ ಮಾಡಿಸುತ್ತದೆ ನಿಜ, ಜೊತೆಗೆ ಹೊಟ್ಟೆಯನ್ನೂ ನುಲಿಯುತ್ತದೆ. ದಿನವೂ ತೆಗೆದುಕೊಂಡರೆ ದೇಹದ ಪೊಟ್ಯಾಸಿಯಂ ಇಳಿದು ಸ್ನಾಯುಗಳು ಸೋಲುತ್ತವೆ, ಹೃದಯ ಬಡಿತ ಏರುಪೇರಾಗುತ್ತದೆ; ಹೃದಯಕ್ಕೆ ಡಿಗಾಕ್ಸಿನ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಿಗೆ ಇದು ಪ್ರಾಣಾಪಾಯಕಾರಿ. ಮೂತ್ರಪಿಂಡದ ತೊಂದರೆ, ಮೂಲವ್ಯಾಧಿ, ಕರುಳಿನ ಹುಣ್ಣು ಇರುವವರು ಅದರ ಹತ್ತಿರ ಹೋಗಬಾರದು. ನೀರು, ಸೊಪ್ಪಿನ ಪಲ್ಯ, ಬೇಕೆನಿಸಿದರೆ ಇಸಬ್ಗೋಲ್. ಇವುಗಳಿಂದ ಆಗದಿದ್ದರೆ ವೈದ್ಯರು.

ಸಕ್ಕರೆ ಕಾಯಿಲೆ ಇರುವವರು ಕುಡಿದರೆ ಮಾತ್ರೆ ಬಿಡಬಹುದೇ?

ಬಿಡಲೇಬಾರದು. ಕೆಲವು ಸಣ್ಣ ಅಧ್ಯಯನಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ತುಸು ಇಳಿದಿದೆ. ಚಿಕಿತ್ಸೆಯ ಜಾಗ ತುಂಬುವಷ್ಟು ಅದು ದೊಡ್ಡ ಇಳಿಕೆಯಲ್ಲ. ಮಾತ್ರೆ ಅಥವಾ ಇನ್ಸುಲಿನ್ ಜೊತೆಗೆ ಸೇರಿದರೆ ಸಕ್ಕರೆ ಅಗತ್ಯಕ್ಕಿಂತ ಕೆಳಗಿಳಿದು ಬೆವರು, ನಡುಕ, ಕಣ್ಣುಕತ್ತಲೆ ಬರುವ ಸಂಭವವೂ ಇದೆ. ಸೇವಿಸುತ್ತಿರುವವರು ವೈದ್ಯರೆದುರು ಅದನ್ನು ಮುಚ್ಚಿಡಬಾರದು.

ಗರ್ಭಿಣಿಯರು, ಬಾಣಂತಿಯರು, ಮಕ್ಕಳು?

ಚರ್ಮಕ್ಕೆ ಹಚ್ಚುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಒಳಗೆ ಸೇವಿಸುವುದು ಈ ಮೂವರಿಗೂ ನಿಷಿದ್ಧ. ಸೊನೆ ಗರ್ಭಕೋಶವನ್ನು ಕೆರಳಿಸಬಹುದು, ಎದೆಹಾಲಿನ ಮೂಲಕ ಕೂಸಿಗೆ ಭೇದಿಯಾಗಬಹುದು. ಮಗುವಿಗೆ ಎದೆಹಾಲು ಬಿಡಿಸಲೆಂದು ಮೊಲೆತೊಟ್ಟಿಗೆ ಕಹಿಸೊನೆ ಅಥವಾ ಕರಿಬೋಳ ಸವರುವ ರೂಢಿಯನ್ನು ಹಿರಿಯರು ಹೇಳಿಕೊಟ್ಟರೂ ಕೈಬಿಡಬೇಕು, ಏಕೆಂದರೆ ಚೀಪಿದ ಮಗು ಅದನ್ನು ನುಂಗಿಯೇ ನುಂಗುತ್ತದೆ.

ಕುಮಾರ್ಯಾಸವ, ಯುನಾನಿ ಔಷಧಗಳಲ್ಲಿಯೂ ಲೋಳೆಸರವಿದೆಯಲ್ಲ?

ಇದೆ. ಅವು ನಿಗದಿತ ಪ್ರಮಾಣ ಮತ್ತು ಅವಧಿಗೆ ವೈದ್ಯರು ಕೊಡುವ ಔಷಧಗಳು. ಅಲ್ಲದೆ ಕುಮಾರ್ಯಾಸವದಲ್ಲಿ ಹುದುಗುವಿಕೆಯಿಂದ ಉಂಟಾದ ಮದ್ಯಸಾರದ ಅಂಶವೂ ಇರುತ್ತದೆ. ನೋಂದಾಯಿತ ವೈದ್ಯ ಅಥವಾ ಹಕೀಮರ ಸಲಹೆಯಿಲ್ಲದೆ ಟಾನಿಕ್‌ನಂತೆ ಕುಡಿಯುವುದು ಸರಿಯಲ್ಲ.

ಅಂಗಡಿಯ ಜೆಲ್ ಕೊಳ್ಳುವಾಗ ಏನು ನೋಡಬೇಕು?

ಡಬ್ಬಿಯ ಮುಂಭಾಗವನ್ನಲ್ಲ, ಹಿಂಭಾಗವನ್ನು ನೋಡಬೇಕು. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದ್ದು ಮೊದಲು ಬರುತ್ತದೆ. ನೀರು ಮೊದಲಿದ್ದು, ‘ಅಲೋ ಬಾರ್ಬಡೆನ್ಸಿಸ್’ ಎಂಬ ಹೆಸರು ಸುವಾಸನೆ, ಬಣ್ಣಗಳ ಅಕ್ಕಪಕ್ಕದಲ್ಲಿ ಕೊನೆಗಿದ್ದರೆ ನೀವು ಕೊಳ್ಳುತ್ತಿರುವುದು ಗಟ್ಟಿಯಾಗಿಸಿದ ನೀರನ್ನು. ಕಡುಹಸಿರು ಬಣ್ಣ ಹೊರಗಿನಿಂದ ಸೇರಿಸಿದ್ದು. ಆಲ್ಕೋಹಾಲ್ ಇರುವ ಜೆಲ್ ಸುಟ್ಟ ಅಥವಾ ಕೆರೆದ ಚರ್ಮಕ್ಕೆ ಉರಿಯುಂಟುಮಾಡುತ್ತದೆ. ತಾಜಾ ತಿರುಳೇ ಯಾವಾಗಲೂ ಶ್ರೇಷ್ಠವೆಂದೂ ಹೇಳಲಾಗದು: ಅಂಗಡಿಯ ಒಳ್ಳೆಯ ಜೆಲ್‌ನಲ್ಲಿ ಸೊನೆ ತೆಗೆದಿರುತ್ತಾರೆ, ಕೆಡದಂತೆ ಸಂರಕ್ಷಕ ಹಾಕಿರುತ್ತಾರೆ.

ಮನೆಯಲ್ಲಿ ಬಿಡಿಸಿದ ತಿರುಳು ಎಷ್ಟು ದಿನ ಇರುತ್ತದೆ?

ಹೊರಗಿಟ್ಟರೆ ಅದೇ ದಿನ ಮುಗಿಸಬೇಕು. ಮುಚ್ಚಳವಿರುವ ಗಾಜಿನ ಶೀಶೆಯಲ್ಲಿ ಫ್ರಿಜ್ಜಿನೊಳಗೆ ಒಂದು ವಾರದವರೆಗೆ ಇಡಬಹುದು, ಐಸ್ ಟ್ರೇಯಲ್ಲಿ ಗಟ್ಟಿಮಾಡಿ ಇನ್ನೂ ಹೆಚ್ಚು ದಿನ ಉಳಿಸಬಹುದು. ಬಣ್ಣ ಗುಲಾಬಿ ಅಥವಾ ಕಂದಾದರೆ, ಹುಳಿವಾಸನೆ ಬಂದರೆ ಎಸೆಯಬೇಕು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಫ್ರಿಜ್ ಗಂಟೆಗಟ್ಟಲೆ ಆರಿದ್ದರೆ ವಾರದ ಲೆಕ್ಕ ನಡೆಯುವುದಿಲ್ಲ.

ನಮ್ಮ ಮಣ್ಣಿನಲ್ಲಿ ಗಿಡ ಕೊಳೆತುಹೋಗುತ್ತದೆ, ಏನು ಮಾಡಬೇಕು?

ಕಲಬುರಗಿ, ಯಾದಗಿರಿಯ ಎರೆಮಣ್ಣು ತೊಗರಿ, ಹತ್ತಿಗೆ ಎಷ್ಟು ಒಳ್ಳೆಯದೋ ಲೋಳೆಸರಕ್ಕೆ ಅಷ್ಟು ಒಳ್ಳೆಯದಲ್ಲ. ಅದು ನೀರನ್ನು ಹಿಡಿದಿಟ್ಟು ಬೇರು ಕೊಳೆಯಿಸುತ್ತದೆ. ಎರೆಮಣ್ಣಿನಷ್ಟೇ ಮರಳು ಮತ್ತು ಸ್ವಲ್ಪ ಹಳೆಯ ತಿಪ್ಪೆಗೊಬ್ಬರ ಬೆರೆಸಿ, ತಳದಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ ನೆಡಬೇಕು. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬಸಿದುಹೋಗುವುದರಿಂದ ಇಷ್ಟು ತಾಪತ್ರಯವಿಲ್ಲ. ಮೇಲ್ಮಣ್ಣು ಎರಡು ಇಂಚು ಒಣಗಿದ ಮೇಲೆ ಮಾತ್ರ ನೀರು ಹಾಕಬೇಕು, ಮಳೆಗಾಲದಲ್ಲಿ ಅದೂ ಬೇಡ. ಬೇಸಿಗೆಯಲ್ಲಿ ಶಹಾಬಾದ್ ಕಲ್ಲು ಹಾಸಿದ ಮಾಳಿಗೆ ಮಧ್ಯಾಹ್ನ ಕಾದಾಗ ಕುಂಡದ ಬೇರುಗಳು ಬೇಯುತ್ತವೆ, ಎಲೆ ಕಂದುಗೆಂಪಾಗುತ್ತದೆ. ಕುಂಡವನ್ನು ಇಟ್ಟಿಗೆಯ ಮೇಲಿಟ್ಟು ಸಂಜೆ ನೆರಳು ಬೀಳುವ ಗೋಡೆಯ ಬದಿಗೆ ಸರಿಸಿದರೆ ಸಾಕು. ನಾಯಿ, ಬೆಕ್ಕು ಎಲೆ ಕಡಿದರೆ ವಾಂತಿ ಭೇದಿಯಾಗುವುದರಿಂದ ಅವುಗಳ ಬಾಯಿಗೆ ಸಿಗದಂತಿರಲಿ. ಬುಡದಲ್ಲಿ ಏಳುವ ಮರಿಗಳು ಗೇಣುದ್ದವಾದಾಗ ಬೇರು ಸಮೇತ ಬಿಡಿಸಿ, ಗಾಯ ಒಣಗಲು ಎರಡು ದಿನ ನೆರಳಿನಲ್ಲಿಟ್ಟು, ಬೇರೆ ಕುಂಡಕ್ಕೆ ನೆಡಬಹುದು.